ಕನ್ನಡಕದ ಯಜಮಾನರ ಐದನೆಯ ಕಾರು

ಕನ್ನಡಕದ ಅಂಗಡಿಯ ಯಜಮಾನರು ಮದುವೆಯಾಗಿ ಹೆಂಡತಿಯನ್ನು ಮನೆಗೆ ಕರೆತಂದದ್ದು ಹಿಂದೆ ಹೆಣ ಸಾಗಿಸುತ್ತಿದ್ದ ಉದ್ದನೆಯ ಕರಿ ಕಾರಿನಲ್ಲಿ. "ಎಂಥ ಅಪರೂಪದ ಗಾಡಿ ಗೊತ್ತಾ!" ಎಂದು ಬೀಗಿದ್ದರು. ಆಮೇಲೆ ತಿರುವಿನಲ್ಲಿ ಮಗುಚಿಕೊಳ್ಳುವ ಮೂರು ಚಕ್ರದ್ದು ಬಂತು, ಬೀರುವಿನ ಹಾಗೆ ಮುಂಭಾಗಕ್ಕೇ ಬಾಗಿಲಿದ್ದದ್ದು ಬಂತು, ಮರದ ಮೈಯದು ಬಂತು. (ಅದರ ಗೆದ್ದಲು ಅಡುಗೆಮನೆಯ ಕಪಾಟಿಗೂ ದಯಮಾಡಿಸಿತು.) ಈಗಿನದಕ್ಕೆ ಇಂಜಿನ್ ಹಿಂದೆ. ಮುಂದಿನ ಸೀಟಿನಲ್ಲಿ ಸ್ಪ್ಯಾನರ್ ಪೆಟ್ಟಿಗೆ ವಿರಾಜಮಾನ. ಹೆಂಡತಿ ಹಿಂದೆ, ಇಂಜಿನ್ನಿಗೆ ಬೆನ್ನು ಕೊಟ್ಟುಕೊಂಡು.

ಐದರಲ್ಲಿ ಒಂದೂ ತಳ್ಳದೆ ಹೊರಟದ್ದಿಲ್ಲ. ತಳ್ಳುವುದು ಹೆಂಡತಿಯ ಇಲಾಖೆ. ತಳ್ಳಿ, ಓಡಿ, ಹತ್ತಿ, ಬಾಗಿಲನ್ನು ಧಡ್ ಎಂದು ಹಾಕಿದರೆ ಯಜಮಾನರು ತಿರುಗಿಯೂ ನೋಡದೆ ಗಾಡಿ ಬಿಡುತ್ತಿದ್ದರು. ಊರವರ ಕಣ್ಣು ಪರೀಕ್ಷಿಸಿದ ಈ ಮಹಾನುಭಾವರಿಗೆ ಹೆಂಡತಿಯ ಸೊಂಟ ಬಗ್ಗಿದ್ದು ಕಾಣಲೇ ಇಲ್ಲ.

"ನನ್ನನ್ನ ಮಗಳ ಮನೆಗೆ ಬಿಟ್ಟುಬಿಡಿ," ಎಂದರು ಆಕೆ ಒಂದು ದಿನ.

"ಎಷ್ಟು ದಿನಕ್ಕೆ?"

"ವಾಪಸ್ ಬರಲ್ಲ."

ಯಜಮಾನರು ಮಾರನೆಯ ದಿನವೇ ಗ್ಯಾರೇಜಿಗೆ ಓಡಿದರು. ಆಕೆಗೆ ಹೇಳದೆ, ಇನ್ನು ತಳ್ಳದೆ ಕೀಲಿಯಲ್ಲೇ ಹೊರಡುವಂತೆ ಸೆಲ್ಫ್ ಸ್ಟಾರ್ಟ್ ರಿಪೇರಿ ಮಾಡಿಸಿದರು. ದಾರಿಯಲ್ಲಿ ಮನಸ್ಸು ಬಿಚ್ಚಿ ಮಾತಾಡಿ, ಹೇಗಾದರೂ ವಾಪಸ್ ಕರೆತರುವುದೆಂದು ಘೋರ ಪ್ರತಿಜ್ಞೆ ಮಾಡಿದರು. ಹೊರಡುವ ದಿನ ಆಕೆ ಬರುವ ಮೊದಲೇ ಗಾಡಿ ಚಾಲೂ ಆಗಿತ್ತು. ಇವತ್ತು ತಳ್ಳಿದ್ದು ಇನ್ಯಾರ ಸೊಂಟವೋ ಪಾಪ, ಎಂದುಕೊಂಡು ಆಕೆ ಹತ್ತಿದರು. ಹಿಂದೆ ಆಕೆಯ ಹಾಸಿಗೆ, ಪೆಟ್ಟಿಗೆಗಳು ಯಜಮಾನರ ಕನ್ನಡಿಗೆ ಅಡ್ಡವಾಗುವಷ್ಟು ಎತ್ತರಕ್ಕೆ ಕೂತಿದ್ದವು.

ಸಿಗ್ನಲ್ಲಿನಲ್ಲಿ ಇಂಜಿನ್ ಆರಿತು. ಹಿಂದೆ ಬಾಗಿಲು ಧಡ್ ಎಂದಿತು. ಯಜಮಾನರು ಎಂದಿನಂತೆ ಹಿಂದೆ ನೋಡದೆ ಕೀಲಿ ತಿರುಗಿಸಿದರು, ಗಾಡಿ ಹೊರಟೇಬಿಟ್ಟಿತು.

ಊರು ದಾಟಿದ ಮೇಲೆ ಬಾಯಿಬಿಟ್ಟರು. "ನೋಡೇ, ಈ ಗಾಡಿ ಮಾರಿಬಿಡ್ತೀನಿ. ನೀನಿಲ್ಲದ ಮನೆ ನನಗೆ ಬೇಡ. ಬೆಳಿಗ್ಗೆ ಎದ್ದು ಜಗಳ ಆಡೋಕಾದ್ರೂ ನೀನು ಬೇಕು ಕಣೇ." ಕಣ್ಣು ಮಂಜಾಯಿತು. ಆಕೆ ಒಂದು ಮಾತಿಗೂ ಎದುರಾಡಲಿಲ್ಲ. (ಅಷ್ಟಕ್ಕೇ ಅನುಮಾನ ಬರಬೇಕಿತ್ತು.) ಕರಗಿದ್ದಾಳೆ ಎಂದು ಹಿಗ್ಗಿ ಇನ್ನಷ್ಟು ಹೇಳಿದರು. ಏರಿನಲ್ಲಿ ಬಸ್ಸೊಂದು ಅವರನ್ನು ಹಿಂದೆ ಹಾಕಿ ಹೋಯಿತು.

ಮಗಳ ಮನೆಯೆದುರು ಇಳಿದು ಬಾಗಿಲು ತೆರೆದರೆ ಹಾಸಿಗೆ ಇದೆ, ಹೆಂಡತಿ ಇಲ್ಲ! ಒಳಗೋಡಿದರೆ ಆಕೆ ಅಳಿಯ, ಬೀಗರ ಜೊತೆ ಕೂತು ಕಾಫಿ ಕುಡಿಯುತ್ತಿದ್ದಾರೆ.

"ತಳ್ಳೋಣ ಅಂತ ಇಳಿದೆ. ನೀವು ಹೋಗೇಬಿಟ್ರಿ. ಬಸ್ ಹತ್ತಿ ಬಂದೆ. ಕಿಟಕಿ ಪಕ್ಕದ ಸೀಟು, ಯಾರೂ ತಳ್ಳು ಅನ್ನಲಿಲ್ಲ."

"ಹಾಗಾದ್ರೆ ನಾನು ದಾರಿಯುದ್ದಕ್ಕೂ ಹೇಳಿದ್ದು?"

"ನನಗೇನು ಗೊತ್ತು? ಈಗ ಹೇಳಿ."

ಅಳಿಯ, ಬೀಗರು, ಮಗಳು ಎಲ್ಲರೂ ಅವರ ಮುಖವನ್ನೇ ನೋಡಿದರು. ಯಜಮಾನರು ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

"ಏನಿಲ್ಲ. ಗಾಡಿ ವಿಷಯ."

"ಅಂದ್ಕೊಂಡೆ," ಎಂದು ಆಕೆ ಲೋಟ ಕೆಳಗಿಟ್ಟರು. "ಹೋಗಿ, ನನ್ನ ಹಾಸಿಗೆ ಇಳಿಸಿ."