ಶನಿವಾರದ ಆಟ, ಅಧ್ಯಕ್ಷರ ಕಾಟ

ಸಮಾಜಸೇವೆ ಮಾಡೋ ಆಫೀಸು ಅಂದರೆ ಎಲ್ಲರೂ ಮುಖ ಗಂಟು ಹಾಕಿಕೊಂಡು ಕೂತಿರ್ತಾರೆ ಅಂತ ಜನ ತಿಳಿದಿದ್ದಾರೆ. ನಾವೂ ಹಾಗೇ ಇರೋಣ ಅಂತ ಎಷ್ಟೇ ಒದ್ದಾಡಿದರೂ, ವಾರಕ್ಕೊಂದು ಸಲ ಏನಾದರೂ ಒಂದು ಆಗಿಬಿಡುತ್ತಿತ್ತು.

ತೊಂಬತ್ತರ ದಶಕದ ಮಾತು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಹಿಂದಿನ ಬಾಡಿಗೆ ಮನೆಯೇ ನಮ್ಮ ಸಂಸ್ಥೆ. ಹಳ್ಳಿಗಳಲ್ಲಿ ಹೆಂಗಸರ ಸಂಘ ಕಟ್ಟೋದು ನನ್ನ ಕೆಲಸ. ನಮ್ಮ ನಿರ್ದೇಶಕರು ಬೆಂಗಳೂರಲ್ಲಿ ಯಾವುದೋ ತರಬೇತಿ ಮುಗಿಸಿ ಬಂದವರೇ, "ನೀವೆಲ್ಲ ದುಡಿದು ದುಡಿದು ಒಣಗಿಹೋಗಿದ್ದೀರಿ. ಇನ್ಮೇಲೆ ಶನಿವಾರ ಮಧ್ಯಾಹ್ನ ಒಂದು ಗಂಟೆ ಆಟ. ಉಸ್ತುವಾರಿ ನಿಮ್ಮದು" ಅಂತ ನನಗೆ ವಹಿಸಿದರು. ನನಗೋ ಕುಣಿಯೋಷ್ಟು ಖುಷಿ. ಮದುವೆಯಾದ ಮೇಲೆ ನನಗೆ ಆಟ ಆಡು ಅಂದವರು ಅವರೊಬ್ಬರೇ.

ಆದರೆ ನಮ್ಮ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರು. "ಸಂಬಳ ಕೊಟ್ಟು ಆಟ ಆಡಿಸ್ತಾರೇನ್ರೀ ಯಾರಾದ್ರೂ? ಈ ಆಟದಿಂದ ಒಂದೇ ಒಂದು ಕೆಲಸ ಆಗಿದ್ದು ತೋರಿಸಿ, ಮುಂದುವರಿಸಿ. ಇಲ್ಲಾಂದ್ರೆ ಬಂದ್!" ಅಂದರು.

ಟವೆಲ್ಲು

ಮೊದಲ ಶನಿವಾರ ಕುರ್ಚಿ ಆಟ ಇಟ್ಟೆ. ಟೇಪ್‌ರೆಕಾರ್ಡರಿನ ಹಾಡು ನಿಂತ ಕೂಡಲೇ ಓಡಿಹೋಗಿ ಕೂರಬೇಕು. ನಮ್ಮ ಕಾರ್ಯಕರ್ತರೆಲ್ಲ ದಿನಾ ಮೊಳಕಾಲ್ಮೂರು ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಗಿರಾಕಿಗಳು. ಹಾಡು ನಿಂತಿತು. ಒಬ್ಬರಾದರೂ ಓಡಬೇಕಲ್ಲ! ನಿಂತಲ್ಲಿಂದಲೇ ಟವೆಲ್ ಹಾರಿತು, ಕರ್ಚೀಫು ಹಾರಿತು, ಚೀಲ ಹಾರಿತು. ಕುರ್ಚಿಗಳೆಲ್ಲ ಭರ್ತಿ, ಕೂತವರು ಯಾರೂ ಇಲ್ಲ.

ನೋಡಿ ನೋಡಿ ಸುಸ್ತಾದ ಅಧ್ಯಕ್ಷರು ಒಂದು ಕುರ್ಚಿಯಲ್ಲಿ ಕುಸಿದು ಕೂತರು. ನಮ್ಮ ಜೀಪಿನ ಡ್ರೈವರ್ ಓಡಿಬಂದ. "ಸಾ, ಅಡಿಯಾಗೆ ಟವೆಲ್ ಐತೆ ನೋಡ್ರಿ. ಆಗ್ಲೇ ಹಿಡ್ದೀನಿ."

"ಇದು ನನ್ನ ಸಂಸ್ಥೆ ಕಣಯ್ಯಾ!"

"ಸಂಸ್ಥೆ ನಿಮ್ದೇ ಸಾ. ಸೀಟು ನಂದು."

ಕುರಿ

ಮುಂದಿನ ವಾರ ಒಬ್ಬರು ಪ್ರಾಣಿಯ ಹಾಗೆ ಕೂಗೋದು, ಉಳಿದವರು ಯಾವುದು ಅಂತ ಹೇಳೋದು. ಕುದಾಪುರದ ಕಾವಲಲ್ಲಿ ಕುರಿ ಕಾದು ಬೆಳೆದ ಕಾರ್ಯಕರ್ತನೊಬ್ಬ ನಮ್ಮಲ್ಲಿದ್ದ. ಅವನು ಕುರಿಯ ಹಾಗೆ ಕೂಗಿದ. ಚಪ್ಪಾಳೆ ಬಿತ್ತು. ಹುಮ್ಮಸ್ಸಿನಲ್ಲಿ ಕುರಿ ಕರೆಯೋ ಕೂಗನ್ನೂ ಹಾಕಿದ. ಅದೇ ಹೊತ್ತಿಗೆ ಹೊರಗೆ ರಸ್ತೆಯಲ್ಲಿ ನಿಜವಾದ ಹಿಂಡು ಹೋಗುತ್ತಿತ್ತು!

ಅಯ್ಯೋ, ಏನು ಕೇಳ್ತೀರಿ! ಹಿಂಡಿಗೆ ಹಿಂಡೇ ಒಳಗೆ ನುಗ್ಗಿತು. ಗೋಡೆಗೆ ಅಂಟಿಸಿದ್ದ ಸಾಕ್ಷರತೆಯ ಚಾರ್ಟು ಮೇಯ್ದವು. ಅಧ್ಯಕ್ಷರು ಪಂಚೆ ಎತ್ತಿಕೊಂಡು ಬೆಂಚು ಹತ್ತಿದರು. ಹಿಂದೆಯೇ ಬಂದ ಕುರಿಯವನು, "ಯಾವನ್ಲೇ ನನ್ ಕುರಿ ಕರ್ದೋನು?" ಅಂತ ಗುಡುಗಿದ. ಆದರೆ ಅವನೆಷ್ಟು ಕೂಗಿದರೂ ಕುರಿಗಳು ನಮ್ಮವನನ್ನು ಬಿಟ್ಟು ಕದಲಲಿಲ್ಲ. ಕುರಿಯವನ ಸಿಟ್ಟು ಇಳಿಯಿತು. ಬೆಂಚಿನ ಮೇಲಿದ್ದ ಅಧ್ಯಕ್ಷರನ್ನು ನೋಡಿ, "ಇಂಥೋನ್ನ ಇಲ್ಲಿ ಕುಂಡ್ರಿಸ್ಕಂಡು ಹಾಳು ಮಾಡ್ತಿದೀರಲ್ರೀ! ನನ್ ಜತಿಗೆ ಕಳ್ಸ್ರಿ, ಸಂಬಳ ನಾನೇ ಕೊಡ್ತೀನಿ" ಅಂದ.

ಮ್ಯಾನೇಜರು

"ಮುಂದಿನ ಶನಿವಾರವೇ ಕೊನೆ" ಅಂತ ಅಧ್ಯಕ್ಷರು ಹೇಳಿಯೇಬಿಟ್ಟರು. ನನಗೆ ಅಳುವೇ ಬಂತು. ಅದರ ಮೇಲೆ ಇನ್ನೊಂದು ತಲೆನೋವು. ಸಿದ್ದಾಪುರದ ಸಂಘದ ಹೆಂಗಸರು ಖಾತೆ ತೆರೆಯೋಕೆ ಮೊಳಕಾಲ್ಮೂರಿನ ಬ್ಯಾಂಕಿಗೆ ಹೋಗೋರು, ಮ್ಯಾನೇಜರ್ ಗದರ್ತಾನೆ ಅಂತ ಹೆದರಿ ಬಾಗಿಲಿಂದಲೇ ವಾಪಸು ಬರೋರು. ಕೊನೇ ಆಟ ತಾನೇ, ಅವರಿಗೇ ಆಡಿಸೋಣ ಅಂದುಕೊಂಡೆ. ಮೊಳಕಾಲ್ಮೂರಿನ ನಮ್ಮ ಪುಟ್ಟ ಆಫೀಸಿಗೆ ಎಲ್ಲರನ್ನೂ ಕರೆಸಿ ಬ್ಯಾಂಕಿನ ಆಟ ಹೂಡಿದೆ.

ಸಂಘದ ದೊಡ್ಡ ಗಂಟಲಿನ ಅಜ್ಜಿಯೊಬ್ಬಳೇ ಮ್ಯಾನೇಜರ್. ಆಟ ಮುಚ್ಚಿಸಲು ಬಂದು ಕೂತಿದ್ದ ಅಧ್ಯಕ್ಷರ ಕನ್ನಡಕವನ್ನು, "ಇತ್ತಗೆ ಕೊಡ್ರಿ ಸಾಮಿ, ಮ್ಯಾನೇಜರಂದ್ಮ್ಯಾಲೆ ಬ್ಯಾಡ್ವಾ?" ಅಂತ ಕಿತ್ತುಕೊಂಡು ಹಾಕಿಕೊಂಡಳು. ಪಾಪ, ಅವರಿಗೆ ಅದಿಲ್ಲದೆ ಮುಂದಿನವರ ಮುಖವೂ ಕಾಣದು.

ಆಗಲೇ ಬಾಗಿಲಲ್ಲಿ ಪ್ಯಾಂಟು ಶರ್ಟಿನ ಒಬ್ಬರು ಬಂದು ನಿಂತರು. ನಾನು ದಡಬಡ ಎದ್ದೆ. ಬ್ಯಾಂಕಿನ ನಿಜವಾದ ಮ್ಯಾನೇಜರು! ನಮ್ಮ ಅಧ್ಯಕ್ಷರು ಹೇಳಿದ್ದ ಸಂಘ ನಿಜವಾಗಿ ಇದೆಯೋ ಇಲ್ಲವೋ ನೋಡೋಣ ಅಂತ ಹೇಳದೆ ಕೇಳದೆ ಬಂದಿದ್ದರು. ಹೆಂಗಸರು ಅವರ ಮುಖ ಕಂಡವರಲ್ಲ. ನಾನು ಬಾಯಿ ತೆಗೆದರೆ ಅಜ್ಜಿ, "ಏಯ್, ಬ್ಯಾಂಕಲ್ಲಿ ಗಲಾಟೆ ಮಾಡ್ಬ್ಯಾಡ!" ಅಂತ ನನ್ನ ಬಾಯಿ ಮುಚ್ಚಿಸಿದಳು. ಆಮೇಲೆ ಅವರ ಕಡೆ ತಿರುಗಿ, "ನೀನ್ಯಾಕೆ ನೋಡ್ತಾ ನಿಂತಿ? ಪಾಳೀಗ್ ಬಾ" ಅಂದಳು.

ಆ ಮನುಷ್ಯ ನಗು ತಡೆದುಕೊಂಡು ಪಾಳಿಯಲ್ಲಿ ಕೊನೆಗೆ ನಿಂತರು. ಅವರ ಸರದಿ ಬಂತು.

"ನಿನ್ನ ಗುರ್ತು ಹೇಳೋರು ಯಾರೈದಾರೆ?"

"ಇವರಿಗೆ ನಾನು ಚೆನ್ನಾಗಿ ಗೊತ್ತಮ್ಮ" ಅಂತ ಅವರು ಅಧ್ಯಕ್ಷರನ್ನು ತೋರಿಸಿದರು.

ಅಧ್ಯಕ್ಷರು ಕಣ್ಣು ಕಿರಿದು ಮಾಡಿ ನೋಡಿದರು. "ಯಾರೋಪ್ಪ, ನನಗೆ ಗೊತ್ತಿಲ್ಲ."

ಅಜ್ಜಿ ಮೇಜು ಗುದ್ದಿದಳು. "ಸುಳ್ಳು ಬ್ಯಾರೆ ಹೇಳ್ತೀಯಾ? ನಡಿ, ನಾಳೆ ಬಾ!"

ಆಗ, ಯಾವ ಸಭೆಯಲ್ಲೂ ತುಟಿ ಬಿಚ್ಚದ ಹೆಂಗಸೊಬ್ಬಳು ಎದ್ದಳು. "ಯಾಕ್ ಹಂಗ್ ಗದರ್ತೀರಿ ಮ್ಯಾನೇಜರೇ? ಬಿಸಿಲಾಗೆ ಬಂದೋರಿಗೆ ಕುಂತ್ಕ ಅನ್ನಬಾರ್ದಾ? ನಾವು ಮನುಷ್ಯರಲ್ವಾ?"

ಬಂದವರ ನಗು ಅಲ್ಲಿಗೆ ನಿಂತಿತು. "ಸೋಮವಾರ ನೀವೆಲ್ಲ ಬ್ಯಾಂಕಿಗೆ ಬನ್ನಿ ತಾಯಿ" ಅಂದು ಹೊರಟರು. ಬಂದವರು ಯಾರು ಅಂತ ನಾನು ಹೇಳಿದ್ದೇ ತಡ, ಹೆಂಗಸರೆಲ್ಲ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಟವೂ ಹೋಯ್ತು, ಖಾತೆಯೂ ಹೋಯ್ತು ಅಂತ ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ಸೋಮವಾರ ನೋಡಿದರೆ ಒಬ್ಬಳೂ ಬಾಗಿಲಲ್ಲಿ ನಿಲ್ಲಲಿಲ್ಲ. ಸೀದಾ ಒಳಗೆ ನಡೆದರು. ಅಜ್ಜಿಯನ್ನು ಕಂಡ ಮ್ಯಾನೇಜರು ತಮಗೇ ತಿಳಿಯದಂತೆ ಎದ್ದು ನಿಂತರು.

"ಕುಂತ್ಕಳಪ್ಪ" ಅಂದಳು ಅಜ್ಜಿ. "ಇವತ್ತು ನೀನೇ ಮ್ಯಾನೇಜರು."

ಖಾತೆ ಆಯಿತು. ಗುರುತಿನ ಸಹಿ ಹಾಕಿದವರು ನಮ್ಮ ಅಧ್ಯಕ್ಷರೇ. ಹೊರಗೆ ಬಂದು ಒಂದೆರಡು ಸಲ ಕೆಮ್ಮಿ, "ಆಟ ನಡೀಲಿ" ಅಂದರು. ಆಮೇಲೆ ದನಿ ತಗ್ಗಿಸಿ, "ಮುಂದಿನ ಸಲ ಮ್ಯಾನೇಜರ್ ಪಾರ್ಟು ನನಗೆ ಕೊಡಿ" ಅಂತ ಕೇಳಿದರು.

ನಾನು ಉತ್ತರ ಹೇಳೋ ಮೊದಲೇ ಅಜ್ಜಿ ಕೈ ಅಡ್ಡ ಹಿಡಿದಳು.

"ನೀವು ಬ್ಯಾಡ್ರಿ ಸಾಮಿ. ನೀವು ನಿಜವಾಗ್ಲೂ ಗದರ್ತೀರಿ."