ತೇಲುವ ಗಡಿಗೆಗಳ ಮೇಲೆ ಮಾವನ ಗುಮಾನಿ

ನಮ್ಮ ಸೋದರಮಾವ ಜಗತ್ತಿನಲ್ಲಿ ನಂಬುತ್ತಿದ್ದುದು ಬಾತುಗಳನ್ನು ಮಾತ್ರ. ಅವನ್ನೂ ಎರಡೆರಡು ಸಲ ನೋಡಿದ ಮೇಲೆಯೇ!

ಸುರಪುರದ ಹತ್ತಿರದ ಬೋನಾಳ ಕೆರೆಗೆ ಈಗ ಪಕ್ಷಿಧಾಮವೆಂಬ ಫಲಕವಿದೆ. ಆಗ ಫಲಕವೂ ಇರಲಿಲ್ಲ, ಕಾವಲುಗಾರನೂ ಇರಲಿಲ್ಲ. ಆ ಹುದ್ದೆಗೆ ಮಾವ ತನ್ನನ್ನು ತಾನೇ ನೇಮಿಸಿಕೊಂಡಿದ್ದ. ಚಳಿಗಾಲ ಬಂತೆಂದರೆ ಬೆಳಿಗ್ಗೆ ಕಂಬಳಿ ಹೊದ್ದು, ಒಂದು ಕಣ್ಣು ಒಡೆದ ದುರ್ಬೀನು ಹಿಡಿದು ಏರಿಯ ಮೇಲೆ ಕೂರುತ್ತಿದ್ದ. ಕಾಲೇಜಿನ ರಜೆಗೆ ಬಂದ ನನ್ನನ್ನೂ ಎಳೆದೊಯ್ಯುತ್ತಿದ್ದ. ಮನೆಯಲ್ಲಿ ಬಿಟ್ಟರೆ ನಾನೇನು ಮಾಡುತ್ತೇನೋ ಎಂಬ ಗುಮಾನಿ ಇರಬೇಕು.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಹೊಸತು. ಯಾರು ಯಾರ ಕಡೆಯವರೋ ಎಂದು ಎಲ್ಲರೂ ಎಲ್ಲರನ್ನೂ ಓರೆಗಣ್ಣಿನಿಂದ ನೋಡುವ ಕಾಲ. ದುರ್ಬೀನು ಹಿಡಿದವನನ್ನು ಪೊಲೀಸರು ಬಿಡುತ್ತಾರೆಯೇ?

“ಏನ್ ನೋಡಾಕತ್ತೀರಿ?” ಎಂದ ಒಬ್ಬ ಪೇದೆ.

“ಬಾತುಕೋಳಿರಿ.”

“ಎಲ್ಲಿಂದ ಬಂದಾವ?”

“ಹಿಮಾಲಯದ ಆಚಿಂದ್ರಿ. ಗಡಿ ದಾಟಿ.”

“ಯಾರನ್ನ ಕೇಳಿ ದಾಟ್ಯಾವ?”

ಮಾವ ದುರ್ಬೀನನ್ನು ಅವನ ಕೈಗಿಟ್ಟ. “ನೀವೇ ಕೇಳ್ರಿ.”

ಪೇದೆ ಬಿಸಿಲೇರುವವರೆಗೂ ನೋಡುತ್ತ ಕೂತ. ಅವನು ಹೋದ ಮೇಲೆ ಮಾವ, “ಇವ ನಾಳಿಗೂ ಬರ್ತಾನ. ದುರ್ಬೀನ್ ಜ್ವಾಕಿ” ಎಂದ.

ಆದರೆ ಮಾವನ ನಿಜವಾದ ವೈರಿ ಗಡಿಗೆ. ಬಾತು ಹಿಡಿಯಲು ಒಂದು ಹಿಕಮತ್ತಿತ್ತು. ಮೊದಲು ಕೆಲವು ಖಾಲಿ ಗಡಿಗೆಗಳನ್ನು ಕೆರೆಯಲ್ಲಿ ತೇಲಿಬಿಟ್ಟು ಹಕ್ಕಿಗಳಿಗೆ ರೂಢಿ ಮಾಡಿಸುವುದು. ಆಮೇಲೆ ಕಣ್ಣಿಗೆ ತೂತು ಕೊರೆದ ಗಡಿಗೆಯನ್ನು ತಲೆಗೆ ಕವುಚಿಕೊಂಡು, ಕುತ್ತಿಗೆಮಟ್ಟದ ನೀರಿನಲ್ಲಿ ಮೆಲ್ಲನೆ ನಡೆದು ಬಾತಿನ ಕಾಲು ಹಿಡಿದು ಎಳೆಯುವುದು. ಹೀಗೇ ಆದರೆ ಹಿಂಡು ಈ ಕೆರೆಯನ್ನೇ ಮರೆಯುತ್ತದೆ ಎಂದು ಮಾವ ಹೆದರಿದ್ದ. ಗಡಿಗೆ ಕಂಡರೆ ಸಾಕು, ಕಲ್ಲು ಬೀಸುತ್ತಿದ್ದ! ಒಮ್ಮೆ ನೀರಿಗೆ ಬಂದವಳ ಕೈಜಾರಿ ತೇಲಿದ ಗಡಿಗೆ ಹಾಗೇ ಒಡೆಯಿತು.

“ಯಣ್ಣಾ, ಗಡಿಗಿ ಏನ್ ಮಾಡಿತ್ತು ನಿನಗ?”

“ಒಳಗ ಯಾರದಾರಂತ ಹೆಂಗ ತಿಳೀಬೇಕವ್ವ?”

“ಒಳಗ ನಿನ್ನ ಬುದ್ಧಿ ಇತ್ತು. ಅದಕ್ಕ ಅಷ್ಟು ಹಗುರ ತೇಲಾಕತ್ತಿತ್ತು.”

ಒಂದು ಮುಂಜಾನೆ ಗಾಳಿ ಅತ್ತ ಬೀಸುತ್ತಿದ್ದರೆ ಗಡಿಗೆಯೊಂದು ಇತ್ತ ಬಂತು. ಮಾವ ಕಲ್ಲೆತ್ತಿದ. ಗಡಿಗೆ ನಡುಗುತ್ತಿತ್ತು. ನಿಜಕ್ಕೂ ನಡುಗುತ್ತಿತ್ತೇ, ಅಥವಾ ಆಮೇಲೆ ನಾನೇ ಸೇರಿಸಿಕೊಂಡೆನೇ? ಖಾತ್ರಿಯಿಲ್ಲ. ಮಾವ ಕಲ್ಲನ್ನು ಕೆಳಗೆ ಹಾಕಿದ್ದಂತೂ ಹೌದು.

“ಹೊರಗ ಬಾರಲೇ!”

ಗಡಿಗೆಯ ಕೆಳಗಿನಿಂದ ಒಬ್ಬ ಮೀನುಗಾರ ಎದ್ದ. ಬಾತುಗಳೆಲ್ಲ ಭರ್ರನೆ ಹಾರಿದವು. ಅವನ ಕೈ ಖಾಲಿ, ಹಲ್ಲು ಕಟಕಟ.

“ಹೇಣ್ತಿ ಹಡದಾಳ್ರಿ. ಎದಿಹಾಲು ಬರವಲ್ವು. ಬಾತಿನ ಸಾರು ಕುಡಿಸಂದ್ರು.”

“ಸುಳ್ಳ ಹೇಳಾಕತ್ತಿ.”

ಅವನು ನಡುಗುತ್ತ ನಿಂತ. ಮಾವ ಅವನನ್ನೇ ಬಹಳ ಹೊತ್ತು ನೋಡಿ, ತನ್ನ ಕಂಬಳಿ ಹೊದಿಸಿದ. ಮನೆಗೆ ಕರೆತಂದು ಆಡಿನ ಹಾಲು ಕರೆಸಿ, ತಾಮ್ರದ ತಂಬಿಗೆ ತುಂಬಿಸಿಕೊಟ್ಟ.

“ಗಡಿಗಿ ಇಲ್ಲೇ ಇಟ್ಟು ಹೋಗು. ನಾಳಿಗೂ ಬಾ.”

ಮರುದಿನ ಅವನು ಬಂದ, ಬರಿಗೈಯಲ್ಲಿ. ತಂಬಿಗೆ ಮರೆತಿದ್ದ. ಈಗ ವಿಚಾರಣೆ ಶುರುವೆಂದು ನಾನು ಮಾವನ ಮುಖ ನೋಡಿದೆ.

ಮಾವ ಒಳಗೆ ಹೋಗಿ ಇನ್ನೊಂದು ತಂಬಿಗೆ ತಂದು ಕೇಳಿದ:

“ಕೂಸು ರಾತ್ರಿ ಮಲಗಿತ್ತೇನು?”