ವಾರ್ಡಿನಲ್ಲಿ ಅತ್ತೆಯ ಮೇಜು

ನನ್ನ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಪುಕ್ಕಟೆ ಸಲಹೆ ಕೊಡುವ ಧೈರ್ಯ ನಮ್ಮೂರು ಭಂಡಿಗಡಿಯಲ್ಲಿ ಯಾರಿಗೂ ಇಲ್ಲ. ಅವಳು ನಮ್ಮ ಕಡೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಲೈಬ್ರೇರಿಯನ್. ಡಾಕ್ಟರುಗಳು ಲೈಬ್ರರಿಗೆ ಬರುವುದಿಲ್ಲವೆಂದು ಕಾಲೇಜಿನವರು ಕೊನೆಗೆ ಅವಳ ಮೇಜು, ಕುರ್ಚಿಯನ್ನೇ ಮೆಡಿಸಿನ್ ವಾರ್ಡಿಗೆ ಸಾಗಿಸಿದರು. ಬೆಳಿಗ್ಗೆ ರೌಂಡ್ಸ್ ಹೊರಟವರ ಹಿಂದೆ ಲ್ಯಾಪ್‌ಟಾಪ್ ಅಪ್ಪಿಕೊಂಡು ಇವಳೂ ಹೊರಡುತ್ತಾಳೆ. ಡಾಕ್ಟರಿಗೆ ಸಂಶಯ ಬಂದರೆ ಮುಂದಿನ ಮಂಚ ತಲುಪುವುದರೊಳಗೆ ಸಂಶೋಧನಾ ಲೇಖನಗಳಲ್ಲಿ ಉತ್ತರ ಹುಡುಕಿ, ಹಳೆಯ ಕ್ಯಾಟಲಾಗ್ ಕಾರ್ಡಿನ ಬೆನ್ನಿಗೆ ಬರೆದು ಅವರ ಕೋಟಿನ ಜೇಬಿಗೆ ತುರುಕುತ್ತಾಳೆ. ಕೋಟು ಒಗೆಯುವವರು ಎಷ್ಟು ಶಾಪ ಹಾಕಿದ್ದಾರೋ!

ಮನೆಯಲ್ಲೂ ಅದೇ ಕಥೆ. ಒಮ್ಮೆ ಅವಳ ಕೆಮ್ಮಿಗೆ ಅಮ್ಮ ಕಷಾಯ ಕೊಟ್ಟರೆ, "ಇದನ್ನ ಎಷ್ಟು ಜನರ ಮೇಲೆ ನೋಡಿದಾರೆ ಅತ್ತಿಗೆ?" ಎಂದು ಕೇಳಿದಳು.

"ಕುಡಿ ಮಾರಾಯ್ತಿ, ನಿನ್ನ ಮೇಲೇ ನೋಡ್ತಿದೀನಿ," ಎಂದರು ಅಮ್ಮ.

ಹೋದ ಬೇಸಿಗೆಯಲ್ಲಿ ಕೊಟ್ಟಿಗೆಗೆ ತರಗೆಲೆ ತರಲು ಕಾಡಿಗೆ ಹೋದ ಅಪ್ಪನಿಗೆ ಮಂಗನ ಕಾಯಿಲೆಯ ಜ್ವರ ಹಿಡಿಯಿತು. ಅತ್ತೆಯ ವಾರ್ಡಿನಲ್ಲೇ ಮಲಗಿಸಿದೆವು. ಮೂಗಿನಲ್ಲಿ ರಕ್ತ ಕಂಡ ದಿನ ಡಾಕ್ಟರು, "ಮೇಡಂ, ಬೇರೆ ಎಂತಾದ್ರೂ ಔಷಧಿ ಇದ್ಯಾ ನೋಡಿ," ಎಂದರು. ಅತ್ತೆ ಎರಡು ದಿನ ಅನ್ನ ಮುಟ್ಟದೆ ಹುಡುಕಿದಳು. ಅವಳಿಗೆ ಸಿಗದೇ ಇರುತ್ತದೆಯೇ? ನಾನು ಹಾಗೆಯೇ ನಂಬಿ ಕುಳಿತಿದ್ದೆ.

ಮೂರನೆಯ ಬೆಳಿಗ್ಗೆ ಅವಳು ಕಾರ್ಡನ್ನು ಡಾಕ್ಟರ ಕೈಗೇ ಕೊಟ್ಟಳು. ಈ ಜ್ವರಕ್ಕೆಂದೇ ಔಷಧಿ ಇಲ್ಲ, ನೀವು ಮಾಡುತ್ತಿರುವುದೇ ಸರಿ ಎಂದು ಬರೆದಿತ್ತು. ಕೆಳಗೆ ಎಲ್ಲೆಲ್ಲಿ ನೋಡಿದ್ದೆಂಬ ಪಟ್ಟಿಯೂ ಇತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಸ್ವಂತ ಅಣ್ಣನ ವಿಷಯದಲ್ಲೂ ಪಟ್ಟಿ ಬರೀತೀಯಲ್ಲ ಅತ್ತೆ."

"ಅಣ್ಣ ಅಂತ ಇಲ್ಲದ್ದನ್ನ ಬರೀಲಿಕ್ಕೆ ಆಗ್ತದಾ ಮಾರಾಯ?"

ಮರುದಿನ ಅಪ್ಪ ತೀರಿಕೊಂಡರು. ಕಾರ್ಯಗಳು ಮುಗಿಯುವವರೆಗೂ ನಾನು ಅತ್ತೆಯ ಜೊತೆ ಮಾತಾಡಲಿಲ್ಲ.

ಆಮೇಲೆ ಆಸ್ಪತ್ರೆಯಿಂದ ಅಪ್ಪನ ಕಾಗದಪತ್ರ ತರಲು ಹೋದೆ. ಅತ್ತೆ ಆಗಲೇ ಕೆಲಸಕ್ಕೆ ಬಂದಿದ್ದಳು. ಅಪ್ಪ ಮಲಗಿದ್ದ ಮಂಚದಲ್ಲಿ ಶೃಂಗೇರಿ ಕಡೆಯ ಒಬ್ಬರು ಮಲಗಿದ್ದರು. ಕಾಲ ಬಳಿ ಹೆಂಡತಿ ಕುಳಿತಿದ್ದರು. ಅದೇ ಜ್ವರ. ಡಾಕ್ಟರು ಅತ್ತೆಯನ್ನು ಏನೂ ಕೇಳಲಿಲ್ಲ. ಅವಳೇ ಲ್ಯಾಪ್‌ಟಾಪ್ ತೆರೆದಳು.

"ನೀವು ಅವತ್ತೇ ಎಲ್ಲ ನೋಡಿದ್ರಲ್ಲ ಮೇಡಂ," ಎಂದರು ಡಾಕ್ಟರು ಮೆಲ್ಲಗೆ.

"ಅದು ಹದಿನೈದು ದಿನದ ಹಿಂದೆ ಡಾಕ್ಟ್ರೇ. ಇವತ್ತು ಮತ್ತೆ ನೋಡ್ತೀನಿ."

ಹೊಸ ಕಾರ್ಡೊಂದನ್ನು ಎಳೆದುಕೊಂಡು ಮೇಲೆ ಅವತ್ತಿನ ತಾರೀಖು ಬರೆದಳು. ನನಗೆ ಅಳು ತಡೆಯಲಾಗಲಿಲ್ಲ. ಸ್ಟೂಲು ಎಳೆದುಕೊಂಡು ಅವಳ ಪಕ್ಕದಲ್ಲಿ ಕುಳಿತೆ.